ಶ್ರೀಮತಿ ಡೇಲರ ದಿನಚರಿ ಮುಗಿದದ್ದು ಎಂದು?

ಮನೆಗೆಲಸದ ನಡುವೆ ಸ್ತ್ರೀಯರು ರೇಡಿಯೋದಲ್ಲಿ ಕೇಳುವ ಧಾರಾವಾಹಿ ನಾಟಕಗಳನ್ನು ಹಗುರಾಗಿ ಎಣಿಸುವದು ವಿದ್ಯಾವಂತರಲ್ಲಿ ಬಹುಕಾಲದ ವಾಡಿಕೆ. ಅಂಥ ಒಂದು ನಾಟಕದ ಕೊನೆಯ ಕಂತಿನ ಕುರಿತು ಶಾಲೆಯ ಸ್ಮರಣ ಸಂಚಿಕೆಯಲ್ಲಿ ಬರೆಯತಕ್ಕದ್ದೇನಿದೆ ಎಂದು ಕೆಲವು ತಾಯ್ತಂದೆಗಳು ಕೇಳಬಹುದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ದಾದಿಯರಾಗಿಯೂ ಡಾಕ್ಟರರಾಗಿಯೂ ಡಾಕ್ಟರರ ಪತ್ನಿಯರಾಗಿಯೂ ಬಾಳುತ್ತಿದ್ದಾರೆ. ಕೆಲವರು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿಯೇ ಇದ್ದಾರೆ. ನಾನು ಹೇಳಹೊರಟಿರುವದು ಆ ದೇಶದ ಒಬ್ಬ ಡಾಕ್ಟರರ ಪತ್ನಿಯ ವಿಷಯ. ಆಕೆ ಕಲ್ಪಿತ ವ್ಯಕ್ತಿ. ಆಕೆಗೆ ಕಂಠವನ್ನು ಕೊಟ್ಟವರು ಮಾತ್ರ ಕಲ್ಪಿತರಲ್ಲ.

1948ನೆಯ ಇಸವಿ ಜನವರಿ 5ರಂದು ಲಂಡನ್ನಿನ ಬಿ.ಬಿ.ಸಿ. ಸಂಸ್ಥೆಯವರು 'ಮಿಸೆಸ್ ಡೇಲ್ಸ್ ಡೈರಿ' ಎಂಬ ನಾಟಕವನ್ನು ಪ್ರಸಾರಮಾಡಲಾರಂಭಿಸಿದರು. ವಾರದಲ್ಲಿ ಐದು ದಿನ ಮಧ್ಯಾಹ್ನದ ಮೇಲೆ ಒಂದು ಕಂತು. ಮಾರನೆಯ ಬೆಳಿಗ್ಗೆ ಅದೇ ಕಂತು ಮತ್ತೊಮ್ಮೆ. ಲಂಡನ್ನಿನ ಹೊರವಲಯದ ಪಾರ್ಕ್‌ವುಡ್ ಹಿಲ್ ಎಂಬ ಕಲ್ಪಿತ ಸ್ಥಳದಲ್ಲಿ ಡಾಕ್ಟರ್ ಜಿಮ್ ಡೇಲ್, ಪತ್ನಿ ಮೇರಿ, ಮಗ ಬಾಬ್, ಮಗಳು ಗ್ವೆನ್, ಮೇರಿಯ ತಾಯಿಯಾದ ಶ್ರೀಮತಿ ಫ್ರೀಮನ್, ಆ ವೃದ್ಧೆಯ ಬೆಕ್ಕು ಕ್ಯಾಪ್ಟನ್, ಇವರದೇ ಸಂಸಾರ. ಮೇರಿಯು ತನ್ನ ದಿನಚರಿಯ ನಾಲ್ಕು ಸಾಲುಗಳನ್ನು ಹೇಳಿಕೊಂಡ ಬಳಿಕ ಆ ದಿನದ ಕಥೆಯು ನಡೆಯುತ್ತಿತ್ತು. ಇಂಥ ನಾಟಕಗಳಿಗೆ ಅಮೇರಿಕದಲ್ಲಿ ಸಾಬೂನಿನ ಕಂಪನಿಗಳವರು ಹಣ ಕೊಟ್ಟದ್ದರಿಂದ ಅವುಗಳಿಗೆ ಸಾಬೂನಿನ ಹೆಸರೇ ಅಂಟಿತು. ಬಿ.ಬಿ.ಸಿ.ಯಲ್ಲಿ ಜಾಹೀರಾತು ಇರಲಿಲ್ಲವಾದಕಾರಣ ಡೇಲ್ ಕುಟುಂಬವು ಯಾರ ಸಾಬೂನನ್ನೂ ಮಾರಬೇಕಾಗಿರಲಿಲ್ಲ. ಅಷ್ಟು ಮಟ್ಟಿಗೆ ಅದು ಭಾಗ್ಯವಂತ ಕುಟುಂಬ.

ನಾಟಕವು ಆರಂಭವಾದ ವರ್ಷವನ್ನು ಗಮನಿಸಿರಿ. ಆರು ತಿಂಗಳ ತರುವಾಯ, 1948ರ ಜುಲೈ 5ರಂದು, ಆ ದೇಶದಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯು ಜಾರಿಗೆ ಬಂದಿತು. ಅದಕ್ಕೆ ಮುಂಚೆ 1911ರ ಶಾಸನವೊಂದರ ಮೂಲಕ ಕೂಲಿಸಂಬಳದವರಿಗೆ ಡಾಕ್ಟರರ ಚಿಕಿತ್ಸೆ ದೊರೆಯುತ್ತಿದ್ದರೂ ಅವರ ಹೆಂಡತಿಗೂ ಮಕ್ಕಳಿಗೂ ಆ ಸೌಕರ್ಯವಿರಲಿಲ್ಲ. ಗಂಡನಿಗೆ ಜ್ವರ ಬಂದರೆ ಡಾಕ್ಟರರು ಬರುವರು. ಅವನ ಶುಶ್ರೂಷೆ ಮಾಡಿದವಳಿಗೆ ಅದೇ ಜ್ವರ ತಗಲಿದರೆ ಕೈಯಿಂದ ಹಣ ಕೊಡಬೇಕು, ಇಲ್ಲವೇ ಸಹಿಸಿಕೊಂಡಿರಬೇಕು. ಬಡ ತಾಯಂದಿರು ಯಾವದನ್ನು ಆರಿಸಿಕೊಂಡರೆಂದು ಹೇಳಬೇಕಾಗಿಲ್ಲ. ಹೊಸ ಕಾಯಿದೆಯು ಬಂದಾಗ ವರ್ಷಗಟ್ಟಲೆ ಮರೆಮಾಡಿಕೊಂಡಿದ್ದ ಬೇನೆಗಳನ್ನು ಹೊತ್ತುಕೊಂಡು ಇಂಥ ಸ್ತ್ರೀಯರು ಡಾಕ್ಟರರ ಬಾಗಿಲಿಗೆ ಬಂದರು.

ಆ ಬಾಗಿಲನ್ನು ತೆರೆಯುತ್ತಿದ್ದವರು ಯಾರು? ಆ ಕಾಲದಲ್ಲಿ ಅನೇಕ ಡಾಕ್ಟರರ ಔಷಧಾಲಯವು ಅವರ ಮನೆಯಲ್ಲಿಯೇ ಇದ್ದಿತು. ಟೆಲಿಫೋನಿಗೆ ಉತ್ತರ ಕೊಡುವದು, ಯಾರ ಮನೆಗೆ ಈಗಲೇ ಹೋಗತಕ್ಕದ್ದು, ಯಾರು ನಾಳೆಯ ತನಕ ತಾಳಬಹುದು ಎಂದು ಧ್ವನಿಯಿಂದಲೇ ಊಹಿಸುವದು, ಅಳುವವರನ್ನು ಕುಳ್ಳಿರಿಸುವದು, ಡಾಕ್ಟರರ ಊಟವನ್ನು ಮೂರು ಸಾರಿ ಬಿಸಿಮಾಡುವದು, ಇವೆಲ್ಲ ಪತ್ನಿಯ ಕೆಲಸ. ಇದಕ್ಕೆ ಸಂಬಳವೂ ಇಲ್ಲ, ಬಾಗಿಲ ಹಲಗೆಯಲ್ಲಿ ಹೆಸರೂ ಇಲ್ಲ. ನಾಟಕದ ಮೇರಿ ಡೇಲಳು ಗಂಡನ ವಿಷಯವಾಗಿ ಸದಾ ಚಿಂತಿಸುವಳೆಂಬದು ಇಂಗ್ಲೆಂಡಿನಲ್ಲೆಲ್ಲ ನಗೆಮಾತಾಯಿತು. ವಿನೋದಗಾರರು ಅದನ್ನು ಅನುಕರಿಸಿ ಸಭೆಗಳನ್ನು ನಗಿಸಿದರು. ನನಗೆ ಮಾತ್ರ ಅದು ನಗೆಯ ವಿಷಯವಾಗಿ ಕಾಣುವದಿಲ್ಲ. ಮಧ್ಯರಾತ್ರಿ ಎದ್ದು ಹೋದವನು ಬೆಳಗಾದರೂ ಬರದಿದ್ದಾಗ ಚಿಂತಿಸುವದೂ ಆ ಮನೆಯ ಕೆಲಸಗಳಲ್ಲೊಂದು. ಯಾರಾದರೊಬ್ಬರು ಮಾಡಲೇಬೇಕಾದ ಕೆಲಸ.

ದಿನಚರಿ ಎಂಬ ಮಾತಿನ ಬೆಲೆ ಇಲ್ಲಿದೆ. ರೋಗಿಗಳು ಡಾಕ್ಟರರ ಲೆಕ್ಕದಲ್ಲಿ, ಹೆಸರು ಡಾಕ್ಟರರದು. ಆದರೆ ಆ ದಿವಸದಲ್ಲಿ ನಡೆದದ್ದೇನೆಂದು ಬರೆದಿಡುವ ಅಧಿಕಾರವು ಆಕೆಯದಾಗಿತ್ತು. ಲಕ್ಷಗಟ್ಟಲೆ ಗೃಹಿಣಿಯರು ಕಿವಿಗೊಟ್ಟದ್ದು ಡಾಕ್ಟರರ ಚಮತ್ಕಾರಕ್ಕಲ್ಲ, ತಮ್ಮಂಥವಳೊಬ್ಬಳು ತನ್ನ ದಿನವನ್ನು ಬರೆದಿಡಲು ತಕ್ಕದ್ದೆಂದು ಎಣಿಸಿದ್ದಕ್ಕೆ.

1962ರಲ್ಲಿ ಬಿ.ಬಿ.ಸಿ.ಯವರು ಈ ನಾಟಕಕ್ಕೆ ಹೊಸ ಕಳೆಯನ್ನು ಕೊಡಲು ನಿಶ್ಚಯಿಸಿದರು. ಡೇಲ್ ಕುಟುಂಬವು ಪಾರ್ಕ್‌ವುಡ್ ಹಿಲ್ ಬಿಟ್ಟು ಎಕ್ಸ್‌ಟನ್ ಎಂಬ ಕಲ್ಪಿತ ಹೊಸ ಪಟ್ಟಣಕ್ಕೆ ಹೋಯಿತು. ನಾಟಕದ ಹೆಸರು 'ದಿ ಡೇಲ್ಸ್' ಎಂದಾಯಿತು. ದಿನಚರಿ ಹೋಯಿತು, ಅದರ ಒಡತಿಯ ಹೆಸರೂ ಹೋಯಿತು. ಕುಟುಂಬದ ಹೆಸರೊಂದು ಉಳಿಯಿತು. ಮರುವರ್ಷ, ಆರಂಭದಿಂದಲೂ ಹದಿನೈದು ವರ್ಷಗಳ ಕಾಲ ಮೇರಿಯ ಪಾತ್ರವನ್ನು ವಹಿಸಿದ್ದ ಎಲಿಸ್ ಪೊವೆಲ್ ಅವರನ್ನು ತೆಗೆದುಹಾಕಿ, 1930ರ ದಶಕದಲ್ಲಿ ಸಂಗೀತ ಚಲಚ್ಚಿತ್ರಗಳಿಂದ ಪ್ರಖ್ಯಾತರಾಗಿದ್ದ ಜೆಸ್ಸಿ ಮ್ಯಾಥ್ಯೂಸ್ ಅವರನ್ನು ತಂದರು. ಪೊವೆಲ್ ಅವರು ಜೀವನಕ್ಕಾಗಿ ಹೋಟೆಲಿನಲ್ಲಿ ಶುಚಿಮಾಡುವ ಕೆಲಸಕ್ಕೂ ಹೋಗಬೇಕಾಯಿತು. ಕೆಲವೇ ತಿಂಗಳಲ್ಲಿ, ಅದೇ 1963ರಲ್ಲಿ, ಅವರು ತೀರಿಹೋದರು. ಜೆಸ್ಸಿ ಮ್ಯಾಥ್ಯೂಸ್ ಅವರ ಮೇಲೆ ನಾನು ದೋಷ ಹೊರಿಸುವದಿಲ್ಲ. ಆಕೆಯೂ ಕೆಲಸ ಬೇಕಾಗಿದ್ದ ನಟಿ, ಕೊನೆಯ ತನಕ ಪಾತ್ರವನ್ನು ಶ್ರದ್ಧೆಯಿಂದ ನಿರ್ವಹಿಸಿದರು.

ಕೊನೆಯ ಕಂತು 1969ರ ಏಪ್ರಿಲ್ 25ರಂದು, ಶುಕ್ರವಾರ, ಪ್ರಸಾರವಾಯಿತು. ಐದು ಸಾವಿರಕ್ಕೂ ಮಿಕ್ಕಿದ ಕಂತುಗಳು ಅಷ್ಟರೊಳಗೆ ಸಂದಿದ್ದವು. ಅದನ್ನು ನಿಲ್ಲಿಸಬಾರದೆಂದು ಪೀಟರ್ ಬೆಸೆಲ್ ಎಂಬ ಲಿಬರಲ್ ಪಕ್ಷದ ಸದಸ್ಯರು ಪಾರ್ಲಿಮೆಂಟಿನಲ್ಲಿ ಮಸೂದೆಯನ್ನು ತರಲು ಸಹ ಪ್ರಯತ್ನಿಸಿದರು. ರೇಡಿಯೋ ನಾಟಕವೊಂದಕ್ಕೆ ಶಾಸನವೇ ಎಂದು ನಗುವವರಿದ್ದಾರೆ. ಕ್ರಿಕೆಟ್ ಪಂದ್ಯವೊಂದು ನಿಂತರೆ ಇವರೇ ಮಂತ್ರಿಗಳಿಗೆ ಕಾಗದ ಬರೆಯುವರು.

ಆ ಕೊನೆಯ ಕಂತಿನಲ್ಲಿ ಮರಣವಿಲ್ಲ, ವಿಯೋಗವಿಲ್ಲ. ವಿಧವೆಯಾಗಿದ್ದ ಮಗಳು ಗ್ವೆನ್‌ಳ ಮರುಮದುವೆ ನಿಶ್ಚಯವಾದ ಸಂತೋಷದೊಂದಿಗೆ ಕಥೆಯು ನಿಲ್ಲುತ್ತದೆ. ವಿಧವೆಗೆ ಮತ್ತೊಮ್ಮೆ ಮನೆಯಾಗುವದು ಒಳ್ಳೆಯದೇ. ಆದರೂ ಸ್ತ್ರೀಯರ ಕಥೆಗೆ ಮದುವೆಯ ಹೊರತು ಬೇರೆ ಮುಕ್ತಾಯವು ಬರೆಯುವವರಿಗೆ ತೋಚುವದಿಲ್ಲವಲ್ಲ ಎಂದು ನನಗನ್ನಿಸುತ್ತದೆ. ಮಗಳನ್ನು ಮುಂದೆ ಓದಿಸುವಿರಾ ಎಂದು ಕೇಳಿದರೆ, "ಇನ್ನೇನಮ್ಮ, ಒಂದು ಮದುವೆ ಮಾಡಿದರೆ ಮುಗಿಯಿತು" ಎನ್ನುವ ತಂದೆಯರು ನನ್ನ ಕೋಣೆಗೆ ಪ್ರತಿ ವರ್ಷವೂ ಬರುತ್ತಾರೆ. ಏನು ಮುಗಿಯಿತು ಎಂದು ನಾನು ಕೇಳುವದುಂಟು. ಅದಕ್ಕೆ ಅವರು ನಕ್ಕು ಸುಮ್ಮನಾಗುತ್ತಾರೆ. ಜೊತೆಯಲ್ಲಿ ಬಂದ ತಾಯಿ ನಗುವದಿಲ್ಲ.

ನಾಟಕವನ್ನು ನಿಲ್ಲಿಸಿದ್ದು ತಪ್ಪೆಂದು ನಾನು ವಾದಿಸುತ್ತಿಲ್ಲ. ಇಪ್ಪತ್ತೊಂದು ವರ್ಷ ದೀರ್ಘಕಾಲವೇ. ಟೆಲಿವಿಷನ್ ಮನೆಮನೆಗೆ ಬಂದಿತ್ತು. ಡಾಕ್ಟರರ ಪತ್ನಿಯರೂ ಬಾಗಿಲ ಬಳಿ ಕಾಯುವದನ್ನು ಬಿಟ್ಟು ಸ್ವಂತ ಉದ್ಯೋಗಗಳಿಗೆ ಹೊರಟಿದ್ದರು. ಮುಗಿಸತಕ್ಕ ಕಾಲ ಬಂದದ್ದನ್ನು ಮುಗಿಸಲೇಬೇಕು. ಆದರೆ 1969ರಲ್ಲಿ ಮುಗಿದದ್ದು ಡೇಲ್ ಎಂಬ ಕುಟುಂಬದ ಕಥೆ ಮಾತ್ರ. ಶ್ರೀಮತಿ ಡೇಲರ ದಿನಚರಿಯು ಅದಕ್ಕಿಂತ ಮುಂಚೆಯೇ, ಅದನ್ನು ಓದುತ್ತಿದ್ದ ಕಂಠವನ್ನು ಹೊರಗೆ ಕಳುಹಿಸಿದ ದಿನವೇ ಮುಚ್ಚಿತು; ಆ ದಿನ ಪಾರ್ಲಿಮೆಂಟಿನಲ್ಲಿ ಯಾರೂ ಮಸೂದೆ ತರಲಿಲ್ಲ. ಪಾತ್ರವು ಉಳಿದರೆ ಸಾಕು, ಹೊತ್ತವಳು ಯಾರಾದರೇನು ಎಂದು ಎಣಿಸುವದು ನಾಟಕದವರ ಗುಣವೊಂದೇ ಅಲ್ಲ. ಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಅದನ್ನು ನೋಡಿದವರು ಈ ಪುಟವನ್ನು ಓದುತ್ತಿರಬಹುದು.

ಏಪ್ರಿಲ್ 28ರ ಸೋಮವಾರದಿಂದ 'ವ್ಯಾಗನರ್ಸ್ ವಾಕ್' ಎಂಬ ಹೊಸ ಧಾರಾವಾಹಿಯು ಆ ಸ್ಥಾನಕ್ಕೆ ಬಂದಿತು. ಅದೂ 1980ರಲ್ಲಿ ನಿಂತಿತು. ಡೇಲ್ ನಾಟಕದ ಕಂತುಗಳಲ್ಲಿ ಧ್ವನಿಮುದ್ರಿತವಾಗಿ ಉಳಿದವು ಅತಿ ಸ್ವಲ್ಪ. ಇಂಗ್ಲೆಂಡಿನಲ್ಲಿರುವ ನಮ್ಮ ವಿದ್ಯಾರ್ಥಿನಿಯರಿಗೆ 1963ಕ್ಕೆ ಹಿಂದಿನ ಒಂದು ಕಂತನ್ನಾದರೂ ಕೇಳುವ ಅವಕಾಶ ಸಿಕ್ಕಿದರೆ, ದಯವಿಟ್ಟು ಪೂರ್ತಿಯಾಗಿ ಕೇಳಿ, ಎಲಿಸ್ ಪೊವೆಲ್ ಅವರ ಧ್ವನಿ ಹೇಗಿತ್ತೆಂದು ನನಗೊಂದು ಕಾಗದ ಬರೆಯಿರಿ.