ಹೊಗಳಿಕೆಯೆಂಬ ನೊಗ

ಅಮೆರಿಕದ ಕಪ್ಪು ಮಹಿಳೆಯನ್ನು ‘ಎಂಥ ಗಟ್ಟಿಗಿತ್ತಿ!’ ಎಂದು ಕೊಂಡಾಡುವವರು ಆ ಹೊಗಳಿಕೆಯ ಹಿಂದಿನ ಕ್ರೌರ್ಯವನ್ನು ಅರಿಯಬೇಕು. 1840ರ ದಶಕದಲ್ಲಿ ಅಲಬಾಮದ ವೈದ್ಯ ಮೇರಿಯನ್ ಸಿಮ್ಸ್, ಗುಲಾಮಗಿರಿಯಲ್ಲಿದ್ದ ಅನಾರ್ಕಾ, ಬೆಟ್ಸಿ, ಲೂಸಿಯರ ಮೇಲೆ ಅರಿವಳಿಕೆಯಿಲ್ಲದೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ನಡೆಸಿದನು. ಕಪ್ಪು ದೇಹಕ್ಕೆ ನೋವು ಕಡಿಮೆಯೆಂಬ ಭ್ರಮೆ 2016ರ ವರ್ಜೀನಿಯಾ ವಿಶ್ವವಿದ್ಯಾಲಯದ ಅಧ್ಯಯನದಲ್ಲಿಯೂ, ವೈದ್ಯವಿದ್ಯಾರ್ಥಿಗಳ ನಡುವೆಯೇ ಕಂಡುಬಂದಿತು. 2021ರಲ್ಲಿ ಸಿಮೋನ್ ಬೈಲ್ಸ್ ಮನಸ್ಸಿನ ಆರೋಗ್ಯಕ್ಕಾಗಿ ಟೋಕಿಯೊ ಒಲಿಂಪಿಕ್ಸ್‌ನ ತಂಡ ಸ್ಪರ್ಧೆಯಿಂದ ಹಿಂದೆ ಸರಿದಾಗ, ಕೊಂಡಾಡಿದ ನಾಲಗೆಗಳೇ ಹೇಡಿಯೆಂದು ಜರೆದವು. ಕ್ಯಾನ್ಸರಿನೊಡನೆ ಸೆಣಸುತ್ತಿದ್ದ ಕವಯಿತ್ರಿ ಆಡ್ರಿ ಲಾರ್ಡ್ 1988ರಲ್ಲಿಯೇ ಸ್ವಂತ ಆರೈಕೆಯನ್ನು ರಾಜಕೀಯ ಹೋರಾಟವೆಂದು ಸಾರಿದ್ದರು. ಹೀಗಿರುವಾಗ ಆ ಮಹಿಳೆಯರು ಇಂದು ವಿಶ್ರಾಂತಿಯನ್ನೂ ಕಣ್ಣೀರಿನ ಹಕ್ಕನ್ನೂ ಕೇಳಿದರೆ ಅದು ಸೋಮಾರಿತನವೇ? ಎತ್ತಿನ ಬಲವನ್ನು ಎಲ್ಲರಿಗಿಂತ ಮೊದಲು ಹೊಗಳುವವನು ನೊಗ ಹೂಡಿದವನೇ ಎಂಬುದನ್ನು ನಾವು ಮರೆಯದಿರೋಣ.