ವಿಮಾನವನ್ನು ಹೊರುವುದು ನೆಲ

ಯುದ್ಧಕಾಲದಲ್ಲಿ ಆಕಾಶಮಾರ್ಗದಿಂದ ಸೈನ್ಯಕ್ಕೆ ಅನ್ನ, ಮದ್ದುಗುಂಡು, ಎಣ್ಣೆಗಳನ್ನು ಒದಗಿಸುವ ಕಾರ್ಯವನ್ನು ಜನರು ವೈಮಾನಿಕರ ಸಾಹಸವೆಂದೇ ಎಣಿಸುವರು. ಸಾಹಸವಿಲ್ಲದೆ ಅದು ನಡೆಯದೆಂಬುದು ದಿಟ. ಆದರೆ ಸಾಹಸವೊಂದರಿಂದಲೇ ನಡೆಯುವುದೆಂದು ನಂಬಿದವರು ಎಂತಹ ಅನರ್ಥಕ್ಕೆ ಗುರಿಯಾದರೆಂಬುದನ್ನು ಎರಡನೆಯ ಮಹಾಯುದ್ಧದ ಚರಿತ್ರೆಯು ಸ್ಪಷ್ಟವಾಗಿ ಸಾರುತ್ತಿದೆ.

1942ರ ನವೆಂಬರಿನಲ್ಲಿ ಸ್ಟಾಲಿನ್‌ಗ್ರಾಡಿನ ಬಳಿ ಜರ್ಮನರ ಆರನೆಯ ಸೈನ್ಯವು ರಷ್ಯನರ ಮುತ್ತಿಗೆಗೆ ಸಿಕ್ಕಿತು. ವಿಮಾನಗಳಿಂದಲೇ ಅದನ್ನು ಪೋಷಿಸುವೆವೆಂದು ಗೋರಿಂಗನು ಹಿಟ್ಲರನಿಗೆ ಮಾತು ಕೊಟ್ಟನು. ರಣರಂಗದಲ್ಲಿದ್ದ ವಾಯುಸೇನಾಧಿಪತಿ ರಿಕ್ಟ್‌ಹೋಫೆನನು ಇದು ಅಸಾಧ್ಯವೆಂದು ಎಚ್ಚರಿಸಿದರೂ ಕೇಳುವವರಿರಲಿಲ್ಲ. ದಿನಕ್ಕೆ ನೂರಾರು ಟನ್ನು ಬೇಕಾಗಿದ್ದಲ್ಲಿ ಸರಾಸರಿ 120 ಟನ್ನೂ ತಲಪಲಿಲ್ಲ. ಸುಮಾರು 490 ವಿಮಾನಗಳು ನಾಶವಾದವು. 1943ರ ಫೆಬ್ರವರಿ 2ರ ಹೊತ್ತಿಗೆ ಹಸಿದ ಸೈನ್ಯವು ಶರಣಾಯಿತು. ಮಾತು ಮನೆ ಕೆಡಿಸಿತು ಎಂಬ ಗಾದೆ ಇಲ್ಲಿ ಒಂದು ಸೈನ್ಯವನ್ನೇ ಕೆಡಿಸಿತು.

ಅದೇ ಕಾಲದಲ್ಲಿ ನಮ್ಮ ಅಸ್ಸಾಮಿನ ಚಬುವಾ, ದಿಂಜಾನ್ ಮುಂತಾದ ನಿಲ್ದಾಣಗಳಿಂದ ಅಮೆರಿಕನರು ಹಿಮಾಲಯದ ಪೂರ್ವದ ತುದಿಯನ್ನು ದಾಟಿ ಚೀನದ ಕುನ್ಮಿಂಗಿಗೆ ಸಾಮಗ್ರಿ ಸಾಗಿಸುತ್ತಿದ್ದರು. 1943ರ ಡಿಸೆಂಬರಿನಲ್ಲಿ 12,000 ಟನ್ನನ್ನು ಮೀರಿದ ಸಾಗಣೆಯು 1945ರ ಜುಲೈ ತಿಂಗಳೊಂದರಲ್ಲಿಯೇ 71,000 ಟನ್ನಿಗೆ ಏರಿತು. ಆದರೆ ಮೊದಲು ಟನ್ನಿನ ಲೆಕ್ಕವೇ ಮುಖ್ಯವಾಗಿ, ಪ್ರಾಣದ ಲೆಕ್ಕ ಹಿಂದೆ ಬಿದ್ದಿತ್ತು. 650 ಗಂಟೆ ಹಾರಿದವನು ಊರಿಗೆ ಮರಳಬಹುದೆಂಬ ನಿಯಮವಿದ್ದುದರಿಂದ ತರುಣರು ನಿದ್ದೆಗೆಟ್ಟು ಹಾರಿ ಬೆಟ್ಟಗಳಿಗೆ ಬಡಿಯುತ್ತಿದ್ದರು. 1944ರ ಸೆಪ್ಟೆಂಬರಿನಲ್ಲಿ ಅಧಿಕಾರ ವಹಿಸಿದ ಟನ್ನರ್ ಎಂಬ ಸೇನಾನಿಯು ಆ ಅವಧಿಯನ್ನು 750 ಗಂಟೆಗೆ ಏರಿಸಿ, ಒಂದು ವರ್ಷದ ವಾಸವನ್ನು ಕಡ್ಡಾಯ ಮಾಡಿದನು. ದುರಸ್ತಿಯನ್ನು ಕಾರ್ಖಾನೆಯ ಕ್ರಮದಲ್ಲಿ ಹಂತಹಂತವಾಗಿ ನಡೆಯಿಸಿದನು. ಸಾಗಣೆ ಹೆಚ್ಚಿತು, ಅಪಘಾತದ ಪ್ರಮಾಣ ಇಳಿಯಿತು. ಜೀವರಕ್ಷಣೆಯೂ ಕಾರ್ಯದಕ್ಷತೆಯೂ ಒಂದಕ್ಕೊಂದು ವಿರೋಧಿಗಳಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

ಇದರ ಕೀರ್ತಿ ಸೇನಾನಿಗಳಿಗೆ ಮಾತ್ರ ಸಲ್ಲತಕ್ಕುದಲ್ಲ. ಅಸ್ಸಾಮಿನ ನಿಲ್ದಾಣಗಳಿಗಾಗಿ ಕಲ್ಲು ಒಡೆದು ಬುಟ್ಟಿಯಲ್ಲಿ ಹೊತ್ತವರು ಚಹಾ ತೋಟಗಳ ಕೂಲಿಯ ಗಂಡಸರೂ ಹೆಂಗಸರೂ. ವಾಲ್‌ಚಂದ್ ಹೀರಾಚಂದರೂ ಮೈಸೂರು ಸರ್ಕಾರವೂ ಕೂಡಿ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ, ವಿಮಾನ ದುರಸ್ತಿಯ ದೊಡ್ಡ ಕೇಂದ್ರವಾಯಿತು. ಅಲ್ಲಿ ದುಡಿದ ಕನ್ನಡಿಗ ಕೆಲಸಗಾರರ ಹೆಸರುಗಳು ಯಾವ ಪದಕದ ಮೇಲೂ ಇಲ್ಲ. ಇನ್ನೊಂದು ಕಟುಸತ್ಯವನ್ನೂ ನಾವು ಮರೆಯಲಾರೆವು: ಆ ಪರ್ವತಗಳ ಮೇಲೆ ಪೆಟ್ರೋಲಿನ ಪೀಪಾಯಿಗಳು ಹಾರುತ್ತಿದ್ದ 1943ರಲ್ಲಿಯೇ ನೆರೆಯ ಬಂಗಾಳದಲ್ಲಿ ಲಕ್ಷಾಂತರ ಜನರು ಅನ್ನವಿಲ್ಲದೆ ಸತ್ತರು. ಸಾಧನವಿಲ್ಲದುದರಿಂದಲೇ ಜನ ಸಾಯುವರೆಂಬ ಮಾತು ಆಳುವವರ ನೆಪವಾಗಿರುವುದುಂಟು.

ಸ್ವತಂತ್ರ ಭಾರತಕ್ಕೆ ಈ ಪರೀಕ್ಷೆ ಬೇಗನೆ ಬಂದಿತು. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಮೊದಲನೆಯ ದಳವು ಡಕೋಟಾ ವಿಮಾನಗಳಲ್ಲಿ ಶ್ರೀನಗರಕ್ಕೆ ಇಳಿಯಿತು. ನಾಗರಿಕ ಕಂಪೆನಿಗಳ ವಿಮಾನಗಳೂ ಆ ಕಾರ್ಯಕ್ಕೆ ಒದಗಿದವು. 1948ರ ಮೇ 24ರಂದು ಮೆಹರ್ ಸಿಂಗರು ನಮ್ಮ ಕೊಡಗಿನ ತಿಮ್ಮಯ್ಯನವರನ್ನು ಕೂರಿಸಿಕೊಂಡು ಹಿಮಶಿಖರಗಳನ್ನು ದಾಟಿ ಲೇಹ್‌ನಲ್ಲಿ ಡಕೋಟಾವನ್ನು ಇಳಿಸಿದರು. ಈ ಸಾಹಸವನ್ನು ಎಲ್ಲರೂ ಬಲ್ಲರು. ಆದರೆ ಸಿಂಧೂ ನದಿಯ ದಡದಲ್ಲಿ ಲಡಾಖಿನ ಎಂಜಿನಿಯರ್ ಸೋನಮ್ ನೊರ್ಬು ಅವರು ಸ್ಥಳೀಯರ ಕೈಯಿಂದ ನೆಲ ಹದಮಾಡಿಸದೆ ಇದ್ದಿದ್ದರೆ ಆ ವಿಮಾನ ಇಳಿಯುವುದೆಲ್ಲಿ?

ಇಂದಿಗೂ ಲಡಾಖಿನ ಎತ್ತರದ ಠಾಣೆಗಳಲ್ಲಿ ಚಳಿಗಾಲವನ್ನು ಕಳೆಯುವ ನಮ್ಮ ಯೋಧರು ವಾಯುಸೇನೆಯ ಸಾಗಣೆಯನ್ನು ನೆಚ್ಚಿದ್ದಾರೆ. ಆದುದರಿಂದ ಅಧಿಕಾರಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ: ಭರವಸೆ ಕೊಡುವ ಮೊದಲು ಟನ್ನುಗಳನ್ನು ಎಣಿಸಿರಿ, ಆಗದೆಂದು ಹೇಳುವ ಕೆಳಗಿನ ಅಧಿಕಾರಿಯ ಮಾತಿಗೆ ಕಿವಿಗೊಡಿರಿ, ಹಾರುವವನಿಗೆ ವಿಶ್ರಾಂತಿಯನ್ನೂ, ದುರಸ್ತಿ ಮಾಡುವವನಿಗೆ ಮರ್ಯಾದೆಯನ್ನೂ ಕೊಡಿರಿ. ಆಕಾಶದಲ್ಲಿ ದೊರೆಯುವ ಜಯವನ್ನು ನೆಲದ ಮೇಲೆಯೇ ಸಂಪಾದಿಸಬೇಕು.