ಎಣಿಕೆಗೆ ಬೇಕು, ವೋಟಿಗೆ ಬೇಡ

ಪ್ರಜಾಪ್ರಭುತ್ವದ ಮಾತು ಬಂದಾಗ ಅಮೆರಿಕದತ್ತ ಬೆರಳು ತೋರುವವರು ನಮ್ಮಲ್ಲಿ ಬಹಳ. ಆ ದೇಶದ ಮೊದಲ ಕಾಂಗ್ರೆಸ್ ಚುನಾವಣೆಗಳು 1788-89ರಲ್ಲಿ ನಡೆದವು. ಅರಸನಿಲ್ಲದೆ ರಾಜ್ಯಭಾರ ನಡೆಸಬಹುದೆಂದು ಅವು ತೋರಿಸಿದ್ದು ಸಣ್ಣ ಸಂಗತಿಯಲ್ಲ. ಆದರೆ ಅಲ್ಲಿ ಲೆಕ್ಕಕ್ಕೆ ಬಂದವರು ಯಾರು, ವೋಟು ಹಾಕಿದವರು ಯಾರು ಎಂದು ಕೇಳುವುದು ದುಡಿಯುವ ಜನರ ಹಕ್ಕು. ದಕ್ಷಿಣ ಕೆರೊಲಿನಾ ರಾಜ್ಯವೊಂದನ್ನೇ ತೆಗೆದುಕೊಳ್ಳೋಣ.

ಪ್ರತಿನಿಧಿ ಸಭೆಯಲ್ಲಿ ಸ್ಥಾನ ಸಿಗುವುದು ಜನಸಂಖ್ಯೆಯ ಮೇಲೆ. ಗುಲಾಮರಲ್ಲಿ ಐದು ಜನರನ್ನು ಮೂವರೆಂದು ಎಣಿಸಬೇಕೆಂದು ಸಂವಿಧಾನ ವಿಧಿಸಿತ್ತು. 1790ರ ಗಣತಿಯಂತೆ ಆ ರಾಜ್ಯದ ಜನ 2,49,073. ಅವರಲ್ಲಿ ಗುಲಾಮರು 1,07,094. 1792ರ ಕಾಯಿದೆಯಂತೆ 33,000 ಜನಕ್ಕೆ ಒಂದು ಸ್ಥಾನ. ಕೀರ್ದಿ ಬರೆಯುವ ನಮ್ಮ ಅಂಗಡಿಕಾರರು ತಾವೇ ಲೆಕ್ಕ ಹಾಕಿ ನೋಡಲಿ. ಸ್ವತಂತ್ರರಾದ 1,41,979 ಮಂದಿಗೆ ದಕ್ಕಬೇಕಾದದ್ದು ನಾಲ್ಕು ಸ್ಥಾನ. ಗುಲಾಮರ ಐದರಲ್ಲಿ ಮೂರು ಪಾಲು, ಅಂದರೆ 64,256, ಸೇರಿದಾಗ ದಕ್ಕಿದ್ದು ಆರು. ಆ ಎರಡು ಸ್ಥಾನಗಳ ಬಂಡವಾಳ ಗುಲಾಮರದು, ಲಾಭ ಒಡೆಯರದು.

ಗುಲಾಮನನ್ನು ಮುಕ್ಕಾಲು ಮನುಷ್ಯನೂ ಅಲ್ಲವೆಂದು ಎಣಿಸಿದ್ದೇ ಅನ್ಯಾಯವೆಂದು ಕೆಲವರು ಮರುಗುತ್ತಾರೆ. ಆದರೆ ಅವನನ್ನು ಪೂರ್ತಿಯಾಗಿ ಎಣಿಸಿರೆಂದು 1787ರ ಸಂವಿಧಾನ ಸಭೆಯಲ್ಲಿ ಹಟ ಹಿಡಿದವರು ಈ ರಾಜ್ಯದ ಪಿಯರ್ಸ್ ಬಟ್ಲರ್ ಮತ್ತು ಚಾರ್ಲ್ಸ್ ಕೋಟ್ಸ್‌ವರ್ತ್ ಪಿಂಕ್ನಿ! ಅವರು ಕೇಳಿದ್ದು ಗುಲಾಮನ ವೋಟನ್ನಲ್ಲ, ಅವನ ತಲೆಯನ್ನು.

ವೋಟು ಇದ್ದದ್ದಾದರೂ ಯಾರಿಗೆ? 1790ರ ರಾಜ್ಯ ಸಂವಿಧಾನದಂತೆ ಸ್ವತಂತ್ರ ಬಿಳಿಯ ಗಂಡಸರಿಗೆ ಮಾತ್ರ. ಅವರಲ್ಲೂ 50 ಎಕರೆ ಜಮೀನೋ, ಪಟ್ಟಣದಲ್ಲಿ ನಿವೇಶನವೋ ಇರಬೇಕು. ಇಲ್ಲವೆ ಗೊತ್ತಾದ ತೆರಿಗೆ ಕೊಟ್ಟಿರಬೇಕು. ಹೆಂಗಸರ ಮಾತೇ ಇಲ್ಲ.

1788ರಲ್ಲಿ ಚಾರ್ಲ್ಸ್‌ಟನ್ ಕ್ಷೇತ್ರದಲ್ಲಿ ವೈದ್ಯನೂ ಇತಿಹಾಸಕಾರನೂ ಆದ ಡೇವಿಡ್ ರ‍್ಯಾಮ್ಸೆ ಸ್ಪರ್ಧಿಸಿದ. ಉತ್ತರದಿಂದ ಬಂದ ಇವನು ಗುಲಾಮಗಿರಿಯ ವಿರೋಧಿ ಎಂಬ ಸುದ್ದಿ ಹಬ್ಬಿತು, ಅವನು ಸೋತ. ಗೆದ್ದ ವಿಲಿಯಂ ಲೌಟನ್ ಸ್ಮಿತ್ ಏಳು ವರ್ಷ ಪೌರನಾಗಿರಲಿಲ್ಲವೆಂದು ರ‍್ಯಾಮ್ಸೆ ದೂರಿತ್ತ. 1789ರ ಮೇ 22ರಂದು ಸಭೆ ಸ್ಮಿತ್‌ನ ಪರವಾಗಿ ತೀರ್ಮಾನಿಸಿತು. ಒಬ್ಬ ಶ್ರೀಮಂತನ ಪೌರತ್ವಕ್ಕೆ ಇಷ್ಟು ಚರ್ಚೆ. ಲಕ್ಷ ಗುಲಾಮರ ಪೌರತ್ವ ಆ ವಿವಾದದ ವಿಷಯವೇ ಆಗಿರಲಿಲ್ಲ.

ಅಂತರ್ಯುದ್ಧದ ನಂತರ ಗುಲಾಮಗಿರಿ ಹೋಯಿತು. ಗುಲಾಮನಾಗಿ ಹುಟ್ಟಿ ಕ್ಷೌರದ ಕಸುಬು ಮಾಡಿದ್ದ ಜೋಸೆಫ್ ರೇನಿ 1870ರಲ್ಲಿ ಇದೇ ರಾಜ್ಯದಿಂದ ಪ್ರತಿನಿಧಿ ಸಭೆ ಸೇರಿದ. ಅಲ್ಲಿ ಕುಳಿತ ಕರಿಯರಲ್ಲಿ ಅವನೇ ಮೊದಲಿಗ. ಆದರೆ 1895ರ ರಾಜ್ಯ ಸಂವಿಧಾನ ಓದುಬರಹದ, ಆಸ್ತಿಯ ಷರತ್ತುಗಳನ್ನೊಡ್ಡಿ ಕರಿಯರ ವೋಟನ್ನು ಕಿತ್ತುಕೊಂಡಿತು. ಎಣಿಕೆಯಲ್ಲಿ ಮಾತ್ರ ಅವರು ಈಗ ಪೂರ್ತಿ ಮನುಷ್ಯರು! ಬಟ್ಲರ್ ಬೇಡಿದ್ದು ನೂರೆಂಟು ವರ್ಷದ ಮೇಲೆ ಅವನ ವಾರಸುದಾರರಿಗೆ ದಕ್ಕಿತು. ವೋಟು ಮರಳಿ ಕೈಗೆ ಬರಲು 1965ರ ಮತದಾನ ಹಕ್ಕು ಕಾಯಿದೆಯವರೆಗೆ ಹೋರಾಡಬೇಕಾಯಿತು.

ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಗಿರಣಿ ಕಾರ್ಮಿಕನಿಗೆ ಮಾತಿನ ಹಕ್ಕು ಬಂದೀತೆ? ಜನರ ಹೆಸರಿನಲ್ಲಿ ಸ್ಥಾನ ಹಿಡಿದವರನ್ನು ನಾವು ಕೇಳಬೇಕಾದದ್ದು ಒಂದೇ ಪ್ರಶ್ನೆ: ನೀವು ಎಣಿಸಿದ ತಲೆಗಳಿಗೆಲ್ಲ ನಾಲಗೆಯನ್ನೂ ಬಿಟ್ಟಿದ್ದೀರಾ?